ಓದುಗರ ಪ್ರಶ್ನೆ: ಸೋತವರೂ ಆಡುವ ಒಮಾಹಾ

ಅಮೆರಿಕದ ಕಾಲೇಜು ಬೇಸ್‌ಬಾಲ್ ಬಗ್ಗೆ ಹೋದ ಸಂಚಿಕೆಯಲ್ಲಿ ನಾನು ಬರೆದ ನಾಲ್ಕು ಸಾಲಿಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಹಾಸನದವಳು, ನೆಲೆಸಿರುವುದು ನೆಬ್ರಾಸ್ಕಾದ ಒಮಾಹಾದಲ್ಲಿ, ವೃತ್ತಿ ಫಿಸಿಯೊಥೆರಪಿ. ಚೆಂಡು ಎಸೆಯುವ ಹುಡುಗರ ಭುಜ, ಮೊಣಕೈಗಳನ್ನು ನೋಡುತ್ತಲೇ ಈ ಆಟ ನನಗೆ ಹತ್ತಿರವಾಯಿತು.

ಮಗಳ ಮನೆಗೆಂದು ಒಮಾಹಾಕ್ಕೆ ಬಂದಿದ್ದಾಗ ಅಳಿಯಂದಿರು ಕಾಲೇಜು ಹುಡುಗರ ಬೇಸ್‌ಬಾಲ್‌ಗೆ ಕರೆದುಕೊಂಡು ಹೋದರು. ಮೊದಲ ಪಂದ್ಯದಲ್ಲಿ ಸೋತ ತಂಡ ಎರಡು ದಿನ ಬಿಟ್ಟು ಮತ್ತೆ ಆಡುತ್ತಿತ್ತು. ಸೋತವರು ಗಂಟು ಕಟ್ಟಬೇಕಲ್ಲವೇ ಮೇಡಂ? ಇದು ಯಾವ ಲೆಕ್ಕ?
— ನಿವೃತ್ತ ಗಣಿತ ಶಿಕ್ಷಕರು, ತಿಪಟೂರು

ಮೇಷ್ಟ್ರೇ, ಇಲ್ಲಿ ಗಂಟು ಕಟ್ಟುವುದು ಎರಡನೆಯ ಸೋಲಿಗೆ. ಲೆಕ್ಕವನ್ನು ಮೊದಲಿನಿಂದ ಹೇಳುತ್ತೇನೆ.

ಋತು ಆರಂಭವಾಗುವುದು ಫೆಬ್ರುವರಿ ಮಧ್ಯದಲ್ಲಿ. ಮೇ ಮುಗಿಯುವುದರೊಳಗೆ ಒಂದು ತಂಡ ಹೆಚ್ಚೆಂದರೆ 56 ಪಂದ್ಯ ಆಡಬಹುದು. ವಾರಾಂತ್ಯದಲ್ಲಿ ಒಂದೇ ಎದುರಾಳಿಯ ಜೊತೆ ಶುಕ್ರವಾರ, ಶನಿವಾರ, ಭಾನುವಾರ ಮೂರು ಪಂದ್ಯ. ನಡುವಾರದಲ್ಲಿ ಊರ ಸಮೀಪದ ಯಾವುದಾದರೂ ಕಾಲೇಜಿನೊಂದಿಗೆ ಒಂದೋ ಎರಡೋ. ಆಮೇಲೆ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ 64 ತಂಡಗಳನ್ನು ಆರಿಸುತ್ತದೆ. ಅವು ನಾಲ್ಕು ನಾಲ್ಕರಂತೆ 16 ಊರುಗಳಲ್ಲಿ ಸೇರುತ್ತವೆ. ಎರಡು ಸಲ ಸೋತವರು ಹೊರಗೆ, ಕೊನೆಗೆ ಊರಿಗೊಂದು ತಂಡ ಉಳಿಯುತ್ತದೆ. ಆ 16 ತಂಡಗಳು ಎಂಟು ಜೋಡಿಗಳಾಗಿ ಆಡುತ್ತವೆ. ಮೂರರಲ್ಲಿ ಎರಡು ಪಂದ್ಯ ಗೆದ್ದವರು ಕೊನೆಯ ಹಂತ ನಡೆಯುವ ಒಮಾಹಾಕ್ಕೆ. ಇಲ್ಲಿಗೆ ಬಂದ ಎಂಟು ತಂಡಗಳು ಮತ್ತೆ ಎರಡು ಗುಂಪು, ಮತ್ತೆ ಅದೇ ನಿಯಮ. ಗುಂಪಿಗೊಂದರಂತೆ ಉಳಿದ ಎರಡು ತಂಡಗಳಿಗೆ ಮೂರು ಪಂದ್ಯಗಳ ಫೈನಲ್. 64 ತಂಡಗಳ ಈ ವ್ಯವಸ್ಥೆ ಬಂದದ್ದು 1999ರಲ್ಲಿ, ಮೂರು ಪಂದ್ಯಗಳ ಫೈನಲ್ ಬಂದದ್ದು 2003ರಲ್ಲಿ.

ಎರಡನೆಯ ಅವಕಾಶ ಏಕೆ ಎಂದರೆ, ಬೇಸ್‌ಬಾಲ್‌ನಲ್ಲಿ ಒಂದು ದಿನದ ಫಲಿತಾಂಶ ಆ ದಿನ ಚೆಂಡೆಸೆಯುವ ಪಿಚರ್ ಯಾರು ಎಂಬುದರ ಮೇಲೆ ಬಹಳವಾಗಿ ನಿಂತಿರುತ್ತದೆ. ಕ್ರಿಕೆಟ್‌ನಲ್ಲಿ ಐದಾರು ಬೌಲರ್‌ಗಳು ಓವರ್ ಹಂಚಿಕೊಳ್ಳುತ್ತಾರೆ. ಇಲ್ಲಿ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಸಮವಾದರೆ ಇನ್ನೂ ಹೆಚ್ಚು; ಅದರಲ್ಲಿ ಒಬ್ಬನೇ ಆರೇಳು ಇನಿಂಗ್ಸ್ ಎಸೆದು, ಆಮೇಲೆ ಹಲವು ದಿನ ವಿಶ್ರಾಂತಿ ಪಡೆಯುತ್ತಾನೆ. ಒಂದು ಪಂದ್ಯ ನೋಡಿ ಇವರೇ ಬಲಿಷ್ಠರು ಎನ್ನುವುದು ಕಷ್ಟ.

ಈ ನಿಯಮದ ಬೆಲೆ ತಿಳಿಯಬೇಕಾದರೆ 2008ರ ಫ್ರೆಸ್ನೊ ಸ್ಟೇಟ್ ತಂಡವನ್ನು ನೋಡಿ. ಕ್ಯಾಲಿಫೋರ್ನಿಯಾದ ಆ ವಿಶ್ವವಿದ್ಯಾಲಯಕ್ಕೆ ತನ್ನ ನಾಲ್ವರ ಗುಂಪಿನಲ್ಲಿ ಸಿಕ್ಕಿದ್ದು ನಾಲ್ಕನೆಯ, ಅಂದರೆ ಕಡೆಯ ಶ್ರೇಯಾಂಕ. ಮೊದಲ ಸುತ್ತಿನಲ್ಲಿ ಸ್ಯಾನ್ ಡಿಯಾಗೊ ವಿರುದ್ಧ ಒಂದು ಸೋತರು. ಎರಡನೆಯ ಸುತ್ತಿನಲ್ಲಿ ಅರಿಜೋನಾ ಸ್ಟೇಟ್ ವಿರುದ್ಧ ಮೊದಲ ಪಂದ್ಯವನ್ನೇ ಸೋತರು. ಒಮಾಹಾದಲ್ಲಿ ನಾರ್ತ್ ಕ್ಯಾರೊಲೈನಾ ಎದುರು ಒಂದು ಸೋಲು. ಜಾರ್ಜಿಯಾ ವಿರುದ್ಧದ ಫೈನಲ್‌ನ ಮೊದಲ ಪಂದ್ಯವನ್ನು 7-6ರಲ್ಲಿ ಕಳೆದುಕೊಂಡು, ಎರಡನೆಯದನ್ನು 19-10ರಲ್ಲಿ, ಮೂರನೆಯದನ್ನು 6-1ರಲ್ಲಿ ಗೆದ್ದರು. ಕೊನೆಯ ದಿನ ಹೆಬ್ಬೆರಳಿನ ಅಸ್ಥಿರಜ್ಜು ಹರಿದಿದ್ದ ಸ್ಟೀವ್ ಡೆಟ್‌ವೈಲರ್ ಚೆಂಡನ್ನು ಗೋಡೆಯಾಚೆ ಕಳಿಸುವ ಹೋಮ್ ರನ್ ಎರಡನ್ನು ಹೊಡೆದು ತಂಡದ ಆರೂ ರನ್ ತಂದರು. ಕೊನೆಯ ಕ್ಯಾಚ್ ಹಿಡಿದವರೂ ಅವರೇ. ಆ ಋತುವಿನಲ್ಲಿ ಫ್ರೆಸ್ನೊ ಗೆದ್ದದ್ದು 47, ಸೋತದ್ದು 31. ಮೂವತ್ತೊಂದು ಸಲ ಸೋತ ತಂಡ ರಾಷ್ಟ್ರೀಯ ಚಾಂಪಿಯನ್! ಪ್ರತಿ ಹಂತದಲ್ಲೂ ಒಮ್ಮೆ ಎಡವಿದವರನ್ನು ಒಂದೇ ಸೋಲಿಗೆ ಮನೆಗೆ ಕಳಿಸಿದ್ದರೆ ಈ ಕಥೆ ಮೊದಲ ಊರಿನಲ್ಲೇ ಮುಗಿಯುತ್ತಿತ್ತು.

2023ರಲ್ಲಿ ಎಲ್‌ಎಸ್‌ಯು ತಂಡದಲ್ಲಿ ಪಾಲ್ ಸ್ಕೀನ್ಸ್ ಎಂಬ ಅದ್ಭುತ ಪಿಚರ್ ಇದ್ದರು. ಫೈನಲ್‌ನ ಮೂರೂ ಪಂದ್ಯಗಳಲ್ಲಿ ಅವರು ಒಂದು ಚೆಂಡನ್ನೂ ಎಸೆಯಲಿಲ್ಲ. ಕೋಚ್‌ಗೆ ಏನಾಗಿತ್ತು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ನೀವು ಕೇಳಿದ ಪ್ರಶ್ನೆಯೇ ಈ ಟೂರ್ನಿಯ ತಿರುಳು. ರನ್ನುಗಳಿಗಿಂತ ಮೊದಲು ನಾನು ನೋಡುವುದು ಯಾವ ತಂಡದಲ್ಲಿ ಯಾರ ತೋಳು ಎಷ್ಟು ಉಳಿದಿದೆ ಎಂಬುದನ್ನು.

ಆ ಜೂನ್‌ನಲ್ಲಿ ಲೂಸಿಯಾನಾ ಸ್ಟೇಟ್, ಅಂದರೆ ಎಲ್‌ಎಸ್‌ಯು, ಮೊದಲು ಟೆನೆಸಿಯನ್ನು ಸೋಲಿಸಿತು. ಆ ಪಂದ್ಯ ಸ್ಕೀನ್ಸ್ ಅವರದು. ನಂತರ ಅಗ್ರ ಶ್ರೇಯಾಂಕದ ವೇಕ್ ಫಾರೆಸ್ಟ್ ಎದುರು ಸೋತಿತು. ಇನ್ನೊಂದು ಸೋತರೆ ಊರಿಗೆ. ಅಲ್ಲಿಂದ ಟೆನೆಸಿಯನ್ನು ಮತ್ತೊಮ್ಮೆ, ವೇಕ್ ಫಾರೆಸ್ಟನ್ನು ಒಮ್ಮೆ ಸೋಲಿಸಿ, ಗುರುವಾರ ಅದೇ ವೇಕ್ ಫಾರೆಸ್ಟ್ ಎದುರು ನಿರ್ಣಾಯಕ ಪಂದ್ಯಕ್ಕೆ ನಿಂತಿತು. ಒಂದು ಕಡೆ ಸ್ಕೀನ್ಸ್, ಇನ್ನೊಂದು ಕಡೆ ರೆಟ್ ಲೌಡರ್. ಲೌಡರ್ ಏಳು ಇನಿಂಗ್ಸ್ ರನ್ ಕೊಡಲಿಲ್ಲ, ಸ್ಕೀನ್ಸ್ ಎಂಟು ಇನಿಂಗ್ಸ್ ರನ್ ಕೊಡಲಿಲ್ಲ. ಎಂಟನೆಯ ಇನಿಂಗ್ಸಿನಲ್ಲಿ ವೇಕ್ ಫಾರೆಸ್ಟಿನವರು ಚೆಂಡನ್ನು ಮೆಲ್ಲಗೆ ತಟ್ಟಿ ಮೂರನೆಯ ಬೇಸಿನ ಓಟಗಾರನನ್ನು ಮನೆ ಸೇರಿಸಿ ರನ್ ಗಳಿಸಲು ನೋಡಿದಾಗ, ಮೊದಲ ಬೇಸ್ ಕಾಯುತ್ತಿದ್ದ ಎಲ್‌ಎಸ್‌ಯುವಿನ ಟ್ರೆ ಮಾರ್ಗನ್ ನುಗ್ಗಿ ಬಂದು ಚೆಂಡನ್ನು ಕ್ಯಾಚರ್‌ಗೆ ಮುಟ್ಟಿಸಿ ಅವನನ್ನು ಔಟ್ ಮಾಡಿಸಿದ ಕ್ಷಣವನ್ನು ಒಮಾಹಾದವರು ಈಗಲೂ ಮಾತಾಡಿಕೊಳ್ಳುತ್ತಾರೆ. ಹನ್ನೊಂದನೆಯ ಇನಿಂಗ್ಸಿನಲ್ಲಿ ಎಲ್‌ಎಸ್‌ಯುವಿನ ಟಾಮಿ ವೈಟ್ ಎದುರಿಸಿದ ಮೊದಲ ಚೆಂಡನ್ನೇ ಗೋಡೆಯಾಚೆ ಕಳಿಸಿದರು. 2-0. ಕಾಲೇಜು ಆಟದಲ್ಲಿ ಇದಕ್ಕಿಂತ ಒಳ್ಳೆಯ ಪಂದ್ಯವನ್ನು ನಾನು ನೋಡಿಲ್ಲ.

ಆ ಗುರುವಾರ ಸ್ಕೀನ್ಸ್ ಎಸೆದದ್ದು 120 ಚೆಂಡು. ಶನಿವಾರ ಫೈನಲ್ ಆರಂಭ. ಉಳಿದ ತೋಳುಗಳಿಂದಲೇ ಫ್ಲೋರಿಡಾವನ್ನು ಎದುರಿಸಬೇಕಿತ್ತು. ಮೊದಲ ದಿನ ಟೈ ಫ್ಲಾಯ್ಡ್ ಎಂಟು ಇನಿಂಗ್ಸಿನಲ್ಲಿ 17 ಸಲ ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ಬ್ಯಾಟರನ್ನು ಮೂರು ಸ್ಟ್ರೈಕ್‌ಗಳಲ್ಲೇ ಔಟ್ ಮಾಡಿದರು. ಎಲ್‌ಎಸ್‌ಯು ಹನ್ನೊಂದು ಇನಿಂಗ್ಸಿನಲ್ಲಿ 4-3ರಿಂದ ಗೆದ್ದಿತು. ಭಾನುವಾರ ಫ್ಲೋರಿಡಾ 24-4ರಿಂದ ಬಡಿದು ಹಾಕಿತು. ಸ್ಕೋರ್ ನೋಡಿ ಎಲ್‌ಎಸ್‌ಯು ಕಥೆ ಮುಗಿಯಿತೆಂದವರು ಹಲವರು. ಆದರೆ ಕೈಬಿಟ್ಟು ಹೋದ ಪಂದ್ಯಕ್ಕೆ ಕೋಚ್ ಜೇ ಜಾನ್ಸನ್ ಒಳ್ಳೆಯ ಪಿಚರ್‌ಗಳನ್ನು ಸುರಿಯಲಿಲ್ಲ. ಇಪ್ಪತ್ತು ರನ್ನಿನಿಂದ ಸೋತರೂ ಒಂದು ರನ್ನಿನಿಂದ ಸೋತರೂ ಲೆಕ್ಕಕ್ಕೆ ಅದು ಒಂದೇ ಸೋಲು. ಸೋಮವಾರ ಥ್ಯಾಚರ್ ಹರ್ಡ್ ಮೊದಲ ಇನಿಂಗ್ಸಿನಲ್ಲಿ ಎರಡು ರನ್ ಕೊಟ್ಟು ಆಮೇಲೆ ಆರನೆಯ ಇನಿಂಗ್ಸಿನವರೆಗೆ ಏನನ್ನೂ ಕೊಡಲಿಲ್ಲ. 18-4ರಿಂದ ಗೆಲುವು. ಗುರುವಾರದ ತೋಳನ್ನು ಸೋಮವಾರ ಮತ್ತೆ ಬಿಚ್ಚುವ ಅಗತ್ಯ ಬೀಳಲಿಲ್ಲ. ಮರುತಿಂಗಳು ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಸ್ಕೀನ್ಸ್ ಮೊದಲನೆಯವರು, ಸಹಪಾಠಿ ಡೈಲನ್ ಕ್ರೂಸ್ ಎರಡನೆಯವರು. ಒಂದೇ ಕಾಲೇಜಿನವರು ಮೊದಲ ಎರಡು ಸ್ಥಾನ ಪಡೆದದ್ದು ಅದೇ ಮೊದಲು.

ನನ್ನ ಮೊಮ್ಮಗ ಟೆಕ್ಸಸ್‌ನಲ್ಲಿ ಹೈಸ್ಕೂಲ್ ತಂಡದ ಪಿಚರ್. ಈಗ 16 ವರ್ಷ. ಶಾಲೆಯ ತಂಡ ಒಂದು, ವಾರಾಂತ್ಯದ ಕ್ಲಬ್ ತಂಡ ಇನ್ನೊಂದು. ಮೊಣಕೈ ಒಳಬದಿ ನೋಯುತ್ತದೆ ಅಜ್ಜಿ, ಕೋಚ್‌ಗೆ ಹೇಳಬೇಡ ಎಂದು ನನಗೆ ಫೋನಿನಲ್ಲಿ ಹೇಳಿದ. ಹೈಸ್ಕೂಲಿನಿಂದ ನೇರ ವೃತ್ತಿಪರ ತಂಡಕ್ಕೆ ಹೋಗುವ ಆಸೆ ಅವನಿಗೆ; ಕಾಲೇಜು ಮುಗಿಸಲಿ ಎಂದು ನನ್ನ ಮಗ. ನಾನು ಯಾರ ಪರ ಮಾತಾಡಲಿ?
— ಒಬ್ಬ ಅಜ್ಜಿ, ಮೈಸೂರು

ಅಮ್ಮಾ, ಮೊದಲು ಆ ಮೊಣಕೈಯ ಪರ ಮಾತಾಡಿ. ಇಂದೇ ನಿಮ್ಮ ಮಗನಿಗೆ ಹೇಳಿ. ಮೊಮ್ಮಗನ ಗುಟ್ಟು ಒಡೆದಂತಾಗುತ್ತದೆ ಎಂಬ ಅಳುಕು ಬೇಡ.

ಒಳಬದಿಯ ನೋವು ನನಗೆ ಇಷ್ಟವಾಗದ ನೋವು. ತೋಳಿನ ಮೇಲ್ಭಾಗದ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಅಲ್ಲಿ ಒಂದು ಅಸ್ಥಿರಜ್ಜು ಬಿಗಿದು ಹಿಡಿದಿರುತ್ತದೆ. ಪಿಚರ್ ವೇಗವಾಗಿ ಎಸೆಯುವಾಗ ಮೊಣಕೈ ಹೊರಕ್ಕೆ ತೆರೆದುಕೊಳ್ಳಲು ಎಳೆಯುತ್ತದೆ, ಆ ಎಳೆತವನ್ನು ತಡೆಯುವುದು ಈ ರಜ್ಜು. ದಣಿದ ಸ್ನಾಯುಗಳು ನೆರವಿಗೆ ಬಾರದಿದ್ದಾಗ ಭಾರವೆಲ್ಲ ಅದರ ಮೇಲೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಬೇರೆಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸಿದರು. ಆ ಶಸ್ತ್ರಚಿಕಿತ್ಸೆಗೆ ಟಾಮಿ ಜಾನ್ ಹೆಸರೇ ಉಳಿಯಿತು. ಮಾಡಿಸಿಕೊಂಡವರು ಮತ್ತೆ ಪಂದ್ಯದಲ್ಲಿ ಎಸೆಯಲು ಸಾಮಾನ್ಯವಾಗಿ ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಶಸ್ತ್ರಚಿಕಿತ್ಸೆ ಮಾಡಿಸಿದರೆ ವೇಗ ಹೆಚ್ಚುತ್ತದೆ ಎಂಬ ಮಾತು ಹುಡುಗರಲ್ಲಿ ಹರಿದಾಡುತ್ತದೆ. ನಂಬಬೇಡಿ. ಹುಡುಗನ ನೋವು ಇದೇ ಎಂದು ಪತ್ರದ ಮೇಲೆ ನಾನು ಹೇಳಲಾರೆ. ಮೂಳೆತಜ್ಞರು ಕೈಯಿಟ್ಟು ನೋಡಬೇಕು. ಅಲ್ಲಿಯವರೆಗೆ ಎಸೆತ ನಿಲ್ಲಲಿ. ನೋವಿನ ಮಾತ್ರೆ ನುಂಗಿ ಮೈದಾನಕ್ಕೆ ಇಳಿಯುವುದಂತೂ ಬೇಡವೇ ಬೇಡ.

ಈ ವಯಸ್ಸಿಗೆ ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು ಕೊಟ್ಟ ಮಾರ್ಗಸೂಚಿ ಇದೆ: 15-16 ವರ್ಷದವರು ದಿನಕ್ಕೆ ಹೆಚ್ಚೆಂದರೆ 95 ಚೆಂಡು, 76 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ತೊಂದರೆ ಇರುವುದು ಎರಡು ತಂಡಗಳ ನಡುವೆ. ಮಂಗಳವಾರ ಶಾಲೆಗೆ ಎಸೆದದ್ದು ಕ್ಲಬ್ ಕೋಚ್‌ಗೆ ಗೊತ್ತಿರುವುದಿಲ್ಲ. ಮನೆಯವರೇ ಒಂದು ಪುಸ್ತಕದಲ್ಲಿ ಬರೆದಿಡಲಿ, ಇಬ್ಬರು ಕೋಚ್‌ಗಳಿಗೂ ತೋರಿಸಲಿ.

ಕಾಲೇಜಿಗೆ ಬಂದರೆ ಎಲ್ಲ ಸುರಕ್ಷಿತ ಎಂದುಕೊಳ್ಳಬೇಡಿ. ಅಲ್ಲಿ ಎನ್‌ಸಿಎಎ ಚೆಂಡುಗಳಿಗೆ ಮಿತಿಯನ್ನೇ ಹಾಕಿಲ್ಲ. 2009ರಲ್ಲಿ ಆಸ್ಟಿನ್ನಿನಲ್ಲಿ ಟೆಕ್ಸಸ್ ಮತ್ತು ಬಾಸ್ಟನ್ ಕಾಲೇಜ್ ನಡುವಿನ ಪಂದ್ಯ 25 ಇನಿಂಗ್ಸ್ ನಡೆಯಿತು. ಕಾಲೇಜು ಇತಿಹಾಸದಲ್ಲೇ ಅತಿ ದೀರ್ಘ. ಟೆಕ್ಸಸ್ 3-2ರಿಂದ ಗೆದ್ದಿತು. ಏಳನೆಯ ಇನಿಂಗ್ಸಿನಲ್ಲಿ ಬಂದ ಆಸ್ಟಿನ್ ವುಡ್ 13 ಇನಿಂಗ್ಸ್, 169 ಚೆಂಡು ಎಸೆದರು. ಹಿಂದಿನ ದಿನವೂ ಅವರು ಎಸೆದಿದ್ದರು. ಅದನ್ನು ವೀರಗಾಥೆಯಂತೆ ಹೇಳುವವರಿದ್ದಾರೆ. ಆ ಹುಡುಗನ ಛಲಕ್ಕೆ ನನ್ನ ಗೌರವವಿದೆ. ಅವನನ್ನು ಅಷ್ಟು ಹೊತ್ತು ಮೈದಾನದಲ್ಲಿ ಬಿಟ್ಟ ನಿರ್ಧಾರವನ್ನು ಮಾತ್ರ ನನ್ನಿಂದ ಒಪ್ಪಲು ಆಗಿಲ್ಲ. ಹುಡುಗರು ಎಂದೂ ಸಾಕು ಎನ್ನುವುದಿಲ್ಲ. ಸಾಕು ಎನ್ನಬೇಕಾದವರು ದೊಡ್ಡವರು. ಎನ್‌ಸಿಎಎ ಈ ಮಿತಿಯನ್ನು ಬರೆದೇ ಇಡಬೇಕು.

ಇನ್ನು ಕಾಲೇಜೋ ವೃತ್ತಿಯೋ. ನಿಯಮ ಹೀಗಿದೆ: ಹೈಸ್ಕೂಲ್ ಮುಗಿದಾಗ ವೃತ್ತಿಪರ ತಂಡ ಆರಿಸಬಹುದು. ಹಾಗಾಗದೆ ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರನೆಯ ವರ್ಷ ಮುಗಿಯುವವರೆಗೆ, ಇಲ್ಲವೇ 21 ತುಂಬುವವರೆಗೆ ಮತ್ತೆ ಆಯ್ಕೆಯಿಲ್ಲ. ಎರಡು ವರ್ಷದ ಜೂನಿಯರ್ ಕಾಲೇಜಿಗೆ ಈ ತಡೆ ಇಲ್ಲ. ಮೊದಲ ಸುತ್ತಿನಲ್ಲೇ ಕರೆ ಬರುವ ಹುಡುಗನಾದರೆ ಮಾತು ಬೇರೆ. ಉಳಿದವರು ಹೋಗುವುದು ಸಣ್ಣ ಊರುಗಳ ಕೆಳದರ್ಜೆಯ ತಂಡಗಳಿಗೆ. ಮೇಲಿನ ಲೀಗ್ ಮುಟ್ಟುವವರು ಕೆಲವರೇ. ನಾನಾದರೆ ಕಾಲೇಜು ಎನ್ನುತ್ತೇನೆ. ಆದರೆ ನಿಮ್ಮ ಮಗ ಹಣದ ಲೆಕ್ಕವನ್ನೂ ಕೇಳಿಕೊಳ್ಳಲಿ: ಬಹಳ ವರ್ಷ ಬೇಸ್‌ಬಾಲ್ ತಂಡಕ್ಕೆ ಇದ್ದದ್ದು 11.7 ಪೂರ್ಣ ವಿದ್ಯಾರ್ಥಿವೇತನಗಳಷ್ಟು ಮಾತ್ರ, ಅದನ್ನೇ 27 ಹುಡುಗರವರೆಗೆ ಹಂಚುತ್ತಿದ್ದರು. 2025-26ರಿಂದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ 34 ಆಟಗಾರರ ಮಿತಿ ಬಂದು ವಿದ್ಯಾರ್ಥಿವೇತನದ ಆ ಗಡಿ ಹೋಗಿದೆ. ಹಾಗೆಂದು ಎಲ್ಲ ಕಾಲೇಜೂ ಪೂರ್ತಿ ಶುಲ್ಕ ಕೊಡುತ್ತದೆಂದಲ್ಲ. ಕೋಚ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ಪಡೆಯಲಿ.

ವೈದ್ಯರು ಏನೆಂದರೆಂದು ನನಗೆ ಬರೆಯಿರಿ.

ಕಾಲೇಜಿನವರಿಗೆ ಲೋಹದ ಬ್ಯಾಟ್, ವೃತ್ತಿಪರರಿಗೆ ಮರದ್ದು. ಏಕೆ?
— ಅಂಗಡಿ ಮಾಲೀಕರು, ದಾವಣಗೆರೆ

ಮರದ ಬ್ಯಾಟ್ ಮುರಿಯುತ್ತದೆ, ಮುರಿದಾಗಲೆಲ್ಲ ಖರ್ಚು. ಅದಕ್ಕಾಗಿ 1974ರಲ್ಲಿ ಕಾಲೇಜುಗಳಿಗೆ ಅಲ್ಯೂಮಿನಿಯಂ ಬಂತು. ಬರಬರುತ್ತಾ ಬ್ಯಾಟುಗಳು ಚೆಂಡನ್ನು ಹೆದರಿಕೆಯಾಗುವಷ್ಟು ವೇಗದಲ್ಲಿ ಚಿಮ್ಮಿಸತೊಡಗಿದವು. 1998ರ ಫೈನಲ್ ಸ್ಕೋರ್ ಸದರ್ನ್ ಕ್ಯಾಲಿಫೋರ್ನಿಯಾ 21, ಅರಿಜೋನಾ ಸ್ಟೇಟ್ 14. ಪಿಚರ್ ಇರುವುದು ಬರೀ 60 ಅಡಿ 6 ಇಂಚು ದೂರದಲ್ಲಿ, ಅವನ ಮುಖಕ್ಕೆ ಚೆಂಡು ಬಂದರೆ ಗತಿಯೇನು? ನಿಯಮ ಬಿಗಿಯಾಗುತ್ತಾ ಬಂದು, 2011ರಿಂದ ಬ್ಯಾಟ್ ಮರದ್ದಕ್ಕೆ ಹತ್ತಿರವಾಗಿ ವರ್ತಿಸಬೇಕೆಂಬ ಮಾನದಂಡವಿದೆ.

ಪ್ರತಿ ವರ್ಷ ಒಮಾಹಾದಲ್ಲೇ ಏಕೆ? ಬೇರೆ ಊರಿಲ್ಲವೇ?
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಮೊದಲು ಬೇರೆ ಊರುಗಳಲ್ಲೇ ಇತ್ತು. 1947 ಮತ್ತು 1948ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ, 1949ರಲ್ಲಿ ಕ್ಯಾನ್ಸಸ್‌ನ ವಿಚಿಟಾ. ಮೊದಲೆರಡೂ ವರ್ಷ ಫೈನಲ್‌ನಲ್ಲಿ ಸೋತ ಯೇಲ್ ತಂಡದ ಮೊದಲ ಬೇಸಿನಲ್ಲಿ ನಿಂತಿದ್ದವರು ಮುಂದೆ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್. 1950ರಲ್ಲಿ ಒಮಾಹಾಕ್ಕೆ ಬಂದದ್ದು ಇಲ್ಲೇ ಉಳಿಯಿತು. 2010ರವರೆಗೆ ಮೃಗಾಲಯದ ಪಕ್ಕದ ರೋಸೆನ್‌ಬ್ಲಾಟ್ ಮೈದಾನ, 2011ರಿಂದ ಊರ ನಡುವಿನ ಹೊಸ ಮೈದಾನ. ಸುಮಾರು 24,000 ಜನ ಹಿಡಿಸುತ್ತದೆ. ಇದು ಮೇಲಿನ ಲೀಗಿನ ತಂಡವಿಲ್ಲದ ಊರು. ಜೂನ್ ಬಂತೆಂದರೆ ಇಲ್ಲಿಯವರು ಯಾವುದೋ ದೂರದ ಕಾಲೇಜಿನ ಟೋಪಿ ಹಾಕಿಕೊಂಡು ಅವರಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ. ನನ್ನ ನೆರೆಯವರು ಪ್ರತಿ ವರ್ಷ ಮೊದಲ ಸಲ ಬಂದ ತಂಡವನ್ನೇ ಆರಿಸಿಕೊಳ್ಳುತ್ತಾರೆ. ಆಟ ಮುಗಿದು ಬಸ್ ಹತ್ತುವ ಸೋತ ಹುಡುಗರಿಗೂ ಜನ ನಿಂತು ಚಪ್ಪಾಳೆ ತಟ್ಟುತ್ತಾರೆ. ಬೇರೆ ಊರಿಗೆ ಹೋಗಲಿ ಎಂದು ನಾನು ಹೇಗೆ ಹೇಳಲಿ?

ಹೆಚ್ಚು ಸಲ ಗೆದ್ದ ಕಾಲೇಜು ಯಾವುದು? ಚಳಿಯ ಉತ್ತರ ರಾಜ್ಯಗಳವರು ಗೆದ್ದಿದ್ದಾರೆಯೇ?
— ಹತ್ತನೆಯ ತರಗತಿ ವಿದ್ಯಾರ್ಥಿನಿ, ಕುಂದಾಪುರ

ಸದರ್ನ್ ಕ್ಯಾಲಿಫೋರ್ನಿಯಾ, 12 ಸಲ. 2025ರಲ್ಲಿ ಕೋಸ್ಟಲ್ ಕ್ಯಾರೊಲೈನಾವನ್ನು ಸೋಲಿಸಿದ ಎಲ್‌ಎಸ್‌ಯು ಎಂಟು ಸಲ ಗೆದ್ದಿದೆ. ಫೆಬ್ರುವರಿಯಲ್ಲಿ ಉತ್ತರದ ಮೈದಾನಗಳಲ್ಲಿ ಹಿಮವಿರುವುದರಿಂದ ಅಲ್ಲಿಯ ತಂಡಗಳು ಮೊದಲ ವಾರಗಳನ್ನು ದಕ್ಷಿಣದಲ್ಲಿ ಅಲೆಯುತ್ತಾ ಕಳೆಯಬೇಕು, ಒಳ್ಳೆಯ ಆಟಗಾರರೂ ಬಿಸಿಲಿನ ರಾಜ್ಯಗಳನ್ನೇ ಆರಿಸುತ್ತಾರೆ. ಉತ್ತರದ ಬಿಗ್ ಟೆನ್ ಒಕ್ಕೂಟದ ತಂಡವಾಗಿ ಒಹಾಯೊ ಸ್ಟೇಟ್ 1966ರಲ್ಲಿ ಗೆದ್ದಿತ್ತು. 2019ರಲ್ಲಿ ಮಿಷಿಗನ್ ಫೈನಲ್‌ನ ಮೊದಲ ಪಂದ್ಯ ಗೆದ್ದು, ಉಳಿದೆರಡನ್ನು ವ್ಯಾಂಡರ್‌ಬಿಲ್ಟ್‌ಗೆ ಬಿಟ್ಟುಕೊಟ್ಟಿತು. ಮಳೆಗಾಲದಲ್ಲೂ ಮುಂಜಾನೆ ಓಡುವ ಅಭ್ಯಾಸ ಬಿಟ್ಟಿಲ್ಲವೆಂದು ಬರೆದಿದ್ದೀಯ, ಮಗು. ಅದಕ್ಕೆ ನನ್ನ ಶಹಬ್ಬಾಸ್. ನಿನ್ನ ಮಂಡಿಯ ಪ್ರಶ್ನೆಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.