ಸಲಾಯಿನ್ ಅಂದ್ರೆ ಬರೀ ಉಪ್ಪುನೀರು ತಾನೆ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಈ ಸಲ: ಸೈಕಲ್ ರೇಸ್ ಮತ್ತು ಡೋಪಿಂಗ್. ಉತ್ತರಿಸುವವರು ಸೊಲ್ಲಾಪುರದ ಒಬ್ಬ ಕ್ರೀಡಾ ವೈದ್ಯರು.

ಜಾತ್ರೆಗಳು ಶುರುವಾದರೆ ಸಾಕು, ಜತ್ತ, ಅಕ್ಕಲಕೋಟೆ, ಮಂಗಳವೇಢೆ ಕಡೆಯ ಸೈಕಲ್ ಹುಡುಗರೂ ಅವರ ಅಪ್ಪಂದಿರೂ ನನಗೆ ಬರೆಯುತ್ತಾರೆ. ಹೇಗೆ ತರಬೇತಿ ಮಾಡಬೇಕು, ಎಷ್ಟು ನಿದ್ದೆ ಬೇಕು ಎಂದು ಒಬ್ಬರೂ ಕೇಳುವುದಿಲ್ಲ. ಎಲ್ಲರಿಗೂ ಸೂಜಿಯದೇ ಚಿಂತೆ. ಡೋಪಿಂಗ್ ಎಂದರೇನು ಎಂಬ ಪಾಠ ಇಲ್ಲಿ ಮಾಡುವುದಿಲ್ಲ. ಅದು ನಿಮಗೆಲ್ಲ ಗೊತ್ತಿದೆ. ಗೊತ್ತಿಲ್ಲದವರು ಇಂಥ ಪ್ರಶ್ನೆ ಕೇಳುವುದಿಲ್ಲ.

ಡಾಕ್ಟರ್ ಸಾಹೇಬ್ರೆ, ಮಗ ಮೂರು ದಿನದ ಸ್ಟೇಜ್ ರೇಸಿಗೆ ಹೊರಟಿದ್ದಾನೆ. ದಿನಾ ಸಂಜೆ ಒಂದು ಬಾಟಲಿ ಸಲಾಯಿನ್ ಹಚ್ಚಿಸಿದರೆ ಮರುದಿನ ಕಾಲು ಹಗುರ ಆಗುತ್ತವೆ ಅಂತ ಅವನ ಕೋಚ್ ಹೇಳುತ್ತಾರೆ. ಸಲಾಯಿನ್ ಅಂದ್ರೆ ಬರೀ ಉಪ್ಪುನೀರು. ಇದರಲ್ಲಿ ಡೋಪಿಂಗ್ ಎಲ್ಲಿಂದ ಬಂತು?
– ಒಬ್ಬ ತಂದೆ, ಜತ್ತ ತಾಲ್ಲೂಕು

ಉಪ್ಪುನೀರೇ. ಆದರೂ ನಿಷೇಧ. ಬಾಯಿಂದ ಎಷ್ಟು ಬೇಕಾದರೂ ಕುಡಿಯಲಿ, ಯಾರೂ ಕೇಳುವುದಿಲ್ಲ. ನರದ ಮೂಲಕ 12 ಗಂಟೆಯೊಳಗೆ 100 ಮಿಲಿಲೀಟರಿಗಿಂತ ಜಾಸ್ತಿ ಹೋದರೆ ತಪ್ಪು ಎಂದು ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾ ಹೇಳುತ್ತದೆ. ಬಾಟಲಿಯಲ್ಲಿ ಏನಿತ್ತು ಎಂಬುದು ಆಮೇಲಿನ ಮಾತು. ನಮ್ಮ ಕಡೆ ಹಚ್ಚುವ ಬಾಟಲಿಯಲ್ಲಿ 500 ಮಿಲಿಲೀಟರ್ ಇರುತ್ತದೆ. ರೇಸ್ ಇಲ್ಲದ ದಿನಕ್ಕೂ ಇದೇ ನಿಯಮ. ಅಮೆರಿಕದ ಈಜುಗಾರ ರಯಾನ್ ಲಾಕ್ಟಿ 2018ರಲ್ಲಿ ಹೀಗೇ ಡ್ರಿಪ್ ಹಾಕಿಸಿಕೊಂಡು, ಅದರ ಫೋಟೊ ತಾನೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದ. ಬಾಟಲಿಯಲ್ಲಿ ನಿಷೇಧಿತ ಔಷಧ ಏನೂ ಇರಲಿಲ್ಲ. ಆದರೂ 14 ತಿಂಗಳು ಅಮಾನತು.

ಇಷ್ಟು ಕಟ್ಟುನಿಟ್ಟು ಯಾಕೆ? ಸೈಕಲ್ ರೇಸಿನ ಹಳೆಯ ಕಥೆ ಕೇಳಿ. 1990ರ ದಶಕದಲ್ಲಿ ಇಪಿಒ ಎಂಬ ಇಂಜೆಕ್ಷನ್ ಬಂತು. ಕಿಡ್ನಿ ಕೆಟ್ಟವರ ರಕ್ತಹೀನತೆಗೆಂದು ಮಾಡಿದ ಔಷಧ ಅದು. ಆರೋಗ್ಯವಂತರಿಗೆ ಕೊಟ್ಟರೆ ಕೆಂಪು ರಕ್ತಕಣ ಹೆಚ್ಚಿ, ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಸಿಗುತ್ತದೆ. ಒಂದು ದಿನದ ರೇಸಿಗಿಂತ ಮೂರು ವಾರದ ಟೂರ್ ಡಿ ಫ್ರಾನ್ಸಿನಂಥ ರೇಸಿನಲ್ಲಿ ಅದರ ಲಾಭ ದೊಡ್ಡದು. ಆಗ ಅದನ್ನು ಪತ್ತೆ ಮಾಡುವ ಪರೀಕ್ಷೆಯೇ ಇರಲಿಲ್ಲ. ಅದು ಬಂದದ್ದು 2000ದಲ್ಲಿ. ಹಾಗಾಗಿ ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ 1997ರಲ್ಲಿ ಒಂದು ಅಡ್ಡಗೆರೆ ಎಳೆಯಿತು. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ 50 ದಾಟಿದರೆ ಆ ಸವಾರ ರೇಸಿಗೆ ಇಳಿಯುವಂತಿಲ್ಲ.

ಸವಾರರು ಏನು ಮಾಡಿದರು? ಇಪಿಒ ಬಿಡಲಿಲ್ಲ, ಸಲಾಯಿನ್ ಹಿಡಿದರು. ಹಾಲಿಗೆ ನೀರು ಬೆರೆಸುವ ಲೆಕ್ಕ ಇದು. ಕಣಗಳು ಅಷ್ಟೇ ಇರುತ್ತವೆ, ಅಳತೆ ಮಾತ್ರ ಕೆಳಗೆ ತೋರಿಸುತ್ತದೆ. 1998ರ ವಿಶ್ವ ಚಾಂಪಿಯನ್‌ಷಿಪ್ ವೇಳೆ ಪರೀಕ್ಷಕರು ಬಂದು ಸಾಮಾನು ಜೋಡಿಸಿಕೊಳ್ಳುತ್ತಿದ್ದರು. ಅವರ ಕಣ್ಣೆದುರೇ ತಂಡದ ಡಾಕ್ಟರ್ ಒಂದು ಲೀಟರ್ ಸಲಾಯಿನ್ ಅನ್ನು ಮಳೆಕೋಟಿನೊಳಗೆ ಬಚ್ಚಿಟ್ಟುಕೊಂಡು ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೋಣೆಗೆ ಒಯ್ದರು. ಅಮೆರಿಕದ ಡೋಪಿಂಗ್ ತಡೆ ಸಂಸ್ಥೆಯ 2012ರ ವರದಿಯಲ್ಲಿ ಇದೆಲ್ಲ ಇದೆ. ನಿಮ್ಮ ಮಗನ ಸಲಾಯಿನ್ ಅಂಥದ್ದಕ್ಕಲ್ಲ ಎಂದು ನೀವು ಹೇಳಬಹುದು. ಪರೀಕ್ಷಕರಿಗೆ ಅದು ಹೇಗೆ ಗೊತ್ತಾಗಬೇಕು?

ಈಗ ಈ ಆಟ ಮೊದಲಿನಷ್ಟು ಸುಲಭವಿಲ್ಲ. ಯುಸಿಐ 2008ರಿಂದ ಪ್ರತಿ ವೃತ್ತಿಪರ ಸವಾರನ ರಕ್ತದ ಲೆಕ್ಕವನ್ನು ವರ್ಷಗಟ್ಟಲೆ ಇಡುತ್ತದೆ. ಅದಕ್ಕೆ ಬಯಾಲಜಿಕಲ್ ಪಾಸ್‌ಪೋರ್ಟ್ ಎನ್ನುತ್ತಾರೆ. ದಿನಾ ಸೈಕಲ್ ತುಳಿದಂತೆ ರಕ್ತದ ನೀರಿನಂಶ ಹೆಚ್ಚುತ್ತದೆ, ಹಿಮೋಗ್ಲೋಬಿನ್ ಅಳತೆ ತಾನಾಗಿ ಸ್ವಲ್ಪ ಇಳಿಯುತ್ತದೆ. ಮೂರನೇ ವಾರದಲ್ಲೂ ಮೊದಲ ದಿನದಷ್ಟೇ ಇದ್ದರೆ ತಜ್ಞರು ಹುಬ್ಬೇರಿಸುತ್ತಾರೆ. ಇನ್ನೊಂದು ಸುಳಿವು ಎಳೆಯ ರಕ್ತಕಣಗಳದು. ತೆಗೆದಿಟ್ಟ ತನ್ನದೇ ರಕ್ತವನ್ನು ಮತ್ತೆ ಏರಿಸಿಕೊಂಡರೆ ದೇಹ ಹೊಸ ಕಣ ಮಾಡುವುದನ್ನು ಕಡಿಮೆ ಮಾಡುತ್ತದೆ. ಆಗ ಎಳೆಯ ಕಣಗಳ ಶೇಕಡಾ ಲೆಕ್ಕ ಕುಸಿಯುತ್ತದೆ. ಎಷ್ಟು ಸಲಾಯಿನ್ ಸುರಿದರೂ ಆ ಶೇಕಡಾ ಬದಲಾಗುವುದಿಲ್ಲ.

ಇನ್ನು ಕಾಲು ಹಗುರಾಗುವ ವಿಷಯ. ಗ್ಲೂಕೋಸ್ ಬಾಟಲಿ ಹಚ್ಚಿದರು ಅಂತಿಟ್ಟುಕೊಳ್ಳಿ. ಶೇ 5ರ ಬಾಟಲಿ, 500 ಮಿಲಿಲೀಟರ್. ಅದರಲ್ಲಿರುವ ಸಕ್ಕರೆ 25 ಗ್ರಾಂ. ಒಂದು ಬಾಳೆಹಣ್ಣು ತಿಂದರೂ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತದೆ. ರೇಸ್ ಮುಗಿದ ಹುಡುಗನಿಗೆ ಬೇಕಾದ್ದು ಅದರ ಹತ್ತಾರು ಪಟ್ಟು. ಅನ್ನ, ರೊಟ್ಟಿ, ಬೆಲ್ಲ, ನಮ್ಮ ಕಡೆಯದೇ ಒಣದ್ರಾಕ್ಷಿ ಕೊಡಿ. ಜತೆಗೆ ಓಆರ್‌ಎಸ್. ತಟ್ಟೆ ತುಂಬ ಉಂಡು ಬೇಗ ಮಲಗಲಿ. ಯುಸಿಐ 2011ರಲ್ಲೇ ಸೂಜಿಗೆ ತಡೆ ಹಾಕಿದೆ. ಕಾಯಿಲೆ ಇದ್ದು, ಬೇರೆ ದಾರಿ ಇಲ್ಲ ಎಂದು ವೈದ್ಯರು ಹೇಳಿದರೆ ಮಾತ್ರ ಇಂಜೆಕ್ಷನ್. ಸುಸ್ತು ಹೋಗಲಿ ಅಂತ ವಿಟಮಿನ್ ಕೂಡ ಚುಚ್ಚಿಸಿಕೊಳ್ಳುವಂತಿಲ್ಲ. ಟೂರ್ ಡಿ ಫ್ರಾನ್ಸಿನಲ್ಲಿ ಆಲ್ಪ್ಸ್ ಬೆಟ್ಟ ಹತ್ತಿ 21 ಹಂತ, ಸುಮಾರು 3,400 ಕಿಲೋಮೀಟರ್ ತುಳಿಯುವವರಿಗೂ ಇದೇ ನಿಯಮ. ನಿಮ್ಮ ಮಗನದು ಮೂರು ದಿನ.

ಆದರೆ ಸಲಾಯಿನ್ ಹಚ್ಚಿಸಿಕೊಂಡವರಿಗೆ ನಿಜಕ್ಕೂ ಹಗುರ ಅನ್ನಿಸುತ್ತದಲ್ಲ? ಅಲ್ಲೇ ನನಗೆ ಅನುಮಾನ. ಬಾಟಲಿಗೆ ಸದ್ದಿಲ್ಲದೆ ಡೆಕ್ಸಾಮೆಥಾಸೋನ್ ಸೇರಿಸುವ ಅಳಲೆಕಾಯಿ ಪಂಡಿತರು ಊರೂರಲ್ಲಿದ್ದಾರೆ. ಅದು ಸ್ಟೀರಾಯ್ಡ್. ನೋವು ಮಾಯ, ಹಸಿವು ಜೋರು, ಮನಸ್ಸು ಉಲ್ಲಾಸ. ರೇಸ್ ಕಾಲದಲ್ಲಿ ಆ ಜಾತಿಯ ಸ್ಟೀರಾಯ್ಡನ್ನು ಎಲ್ಲಿಗೆ ಚುಚ್ಚಿದರೂ ನಿಷೇಧ. ಸಿಕ್ಕಿಬಿದ್ದರೆ "ನನಗೆ ಗೊತ್ತಿರಲಿಲ್ಲ ಸರ್" ಎಂದು ಪಾರಾಗಲು ಆಗುವುದಿಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಕೋಚ್ ಸಾಹೇಬರು ಆಗ ಇನ್ನೊಬ್ಬ ಹುಡುಗನನ್ನು ಹುಡುಕಿಕೊಂಡಿರುತ್ತಾರೆ.

ವಾಂತಿ ಭೇದಿಯಾಗಿ ಹುಡುಗ ನಿಜಕ್ಕೂ ಕುಸಿದರೆ ಆಸ್ಪತ್ರೆಗೆ ಸೇರಿಸಿ, ಸಲಾಯಿನ್ ಹಚ್ಚಿಸಿ. ಆಸ್ಪತ್ರೆಯ ಚಿಕಿತ್ಸೆಗೆ ವಿನಾಯಿತಿ ಇದೆ. ಕಾಗದಪತ್ರ ಜೋಪಾನ ಮಾಡಿ. ಮರುದಿನ ರೇಸಿಗೆ ಕಳಿಸಬೇಡಿ. ಲಾಡ್ಜ್ ಕೋಣೆಯ ಫ್ಯಾನಿಗೆ ಬಾಟಲಿ ತೂಗುಹಾಕುವುದು ಚಿಕಿತ್ಸೆಯಲ್ಲ.

ಜಾತ್ರೆ ಶರ್ಯತ್ತಿಗೆ ಮುಂಚೆ ಕೆಲವರು ಜಿಮ್‌ನವರಿಂದ ಇಂಜೆಕ್ಷನ್ ತಗೊಳ್ತಾರೆ. ಅಲ್ಲಿ ಟೆಸ್ಟ್ ಇರಲ್ಲ ಅಲ್ವಾ ಸರ್? – ಉಮದಿ

ಇರಲ್ಲ ತಮ್ಮಾ. ಆಂಬುಲೆನ್ಸೂ ಇರಲ್ಲ. ನೀನು ಹೇಳುವುದು ಮೆಫೆಂಟರ್ಮಿನ್ ಇರಬೇಕು. ಆಪರೇಷನ್ ವೇಳೆ ಬಿಪಿ ತೀರಾ ಇಳಿದರೆ ಅರಿವಳಿಕೆ ವೈದ್ಯರು ಕೊಡುವ ಔಷಧ ಅದು. ಹೃದಯವನ್ನು ಓಡಿಸುತ್ತದೆ, ದಣಿವನ್ನು ಮುಚ್ಚಿಡುತ್ತದೆ. ಬ್ರಿಟನ್ನಿನ ಟಾಮ್ ಸಿಂಪ್ಸನ್ 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸಿನಲ್ಲಿ ಮಾಂಟ್ ವೆಂಟೂ ಬೆಟ್ಟ ಹತ್ತುತ್ತಿದ್ದ. ಸುಡುವ ಬಿಸಿಲು. ಬಿದ್ದ. ಮತ್ತೆ ಸೈಕಲ್ ಹತ್ತಿಸಿದರು. ಸ್ವಲ್ಪ ದೂರದಲ್ಲೇ ಮತ್ತೆ ಬಿದ್ದು ಸತ್ತ. ವಯಸ್ಸು 29. ಅವನ ದೇಹದಲ್ಲಿ ಆಂಫೆಟಮಿನ್ ಮತ್ತು ಮದ್ಯ ಸಿಕ್ಕಿತು. ಮೆಫೆಂಟರ್ಮಿನ್ ಆಂಫೆಟಮಿನ್‌ನ ಹತ್ತಿರದ ಸಂಬಂಧಿ. ನಮ್ಮ ಬೇಸಿಗೆಯ ಬಿಸಿಲು ಹೇಗಿರುತ್ತದೆ ಎಂದು ನಿನಗೇ ಗೊತ್ತು.

ಆರ್ಮ್‌ಸ್ಟ್ರಾಂಗ್ ಅಷ್ಟೊಂದು ಟೆಸ್ಟ್ ಪಾಸ್ ಮಾಡಿದ. ಹಾಗಾದ್ರೆ ಟೆಸ್ಟ್ ಸುಮ್ನೆ ಅಲ್ವಾ? – ಅಕ್ಕಲಕೋಟೆ

ಟೆಸ್ಟ್ ಒಂದನ್ನೇ ನಂಬಿದ್ದು ತಪ್ಪು. 1999ರಿಂದ 2005ರವರೆಗಿನ ಅವನ ಏಳೂ ಟೂರ್ ಪ್ರಶಸ್ತಿ ಹೋದದ್ದು ಜತೆಗಿದ್ದವರ ಬಾಯಿಂದ. ತಂಡದಲ್ಲಿದ್ದ 11 ಮಂದಿ ಸಾಕ್ಷಿ ಹೇಳಿದರು. ಅದಕ್ಕೂ ಮುಂಚೆ, 1998ರಲ್ಲಿ, ಫೆಸ್ಟಿನಾ ತಂಡದ ಮದ್ದುಗಳ ರಾಶಿ ಸಿಕ್ಕಿದ್ದು ಬೆಲ್ಜಿಯಂ–ಫ್ರಾನ್ಸ್ ಗಡಿಯ ಕಸ್ಟಮ್ಸ್‌ನವರಿಗೆ. ನಾಕಾದವರ ಕಣ್ಣು ಎಂಥದ್ದು ಎಂದು ಗಡಿಯವರಾದ ನಮಗೆ ಹೇಳಿಕೊಡಬೇಕಾಗಿಲ್ಲ.

ಮದ್ದು ಎಷ್ಟು ದಿನಕ್ಕೆ ಮೂತ್ರದಿಂದ ಹೋಗುತ್ತದೆ? – ಹೆಸರು, ಊರು ಬರೆದಿಲ್ಲ

ಹೇಳುವುದಿಲ್ಲ. ನಿಮ್ಮ ಸ್ಯಾಂಪಲ್ ಅನ್ನು 10 ವರ್ಷ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡಬಹುದು ಎಂಬುದನ್ನು ಮಾತ್ರ ಹೇಳುತ್ತೇನೆ.

ರೇಸಿಗೆ ಮುಂಚೆ ಚಹಾ ಕುಡಿಯಬಹುದಾ? – ಮಂಗಳವೇಢೆ

ಕುಡಿಯಿರಿ. ಕೆಫೀನ್ 2004ರಲ್ಲೇ ನಿಷೇಧದ ಪಟ್ಟಿಯಿಂದ ಹೊರಬಿದ್ದಿದೆ.

ನಮ್ಮೂರ ಪಂಡಿತರ ತಾಕತ್ತಿನ ಪುಡಿ ಗಿಡಮೂಲಿಕೆಯದು. ತೊಂದರೆ ಇಲ್ಲ ತಾನೆ? – ದಕ್ಷಿಣ ಸೊಲ್ಲಾಪುರ

ಅಫೀಮೂ ಗಿಡದ್ದೇ. ಚೀಟಿ ಇಲ್ಲದ ಪುಡಿ ಮುಟ್ಟಬೇಡಿ.

ಮಗಳು ಜಿಲ್ಲಾ ಮಟ್ಟದ ಸವಾರಳು. ಕೆಮ್ಮಿಗೆ ಮೆಡಿಕಲ್‌ನಿಂದ ಸಿರಪ್ ತಂದಿದ್ದೇವೆ. ಕೊಡಬಹುದಾ ಅಣ್ಣಾ? – ಒಬ್ಬ ತಾಯಿ, ಜತ್ತ

ಈ ಕಂತೆಯಲ್ಲಿ ಬುದ್ಧಿವಂತ ಪ್ರಶ್ನೆ ಇದೊಂದೇ, ಅಕ್ಕಾ. ನಮ್ಮಲ್ಲಿ ಮಾರುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಾಲಿನ್ ಅಥವಾ ಸಾಲ್ಬುಟಮಾಲ್ ಇರುತ್ತದೆ. ಟರ್ಬುಟಾಲಿನ್ ಯಾವಾಗಲೂ ನಿಷೇಧ. ಸಾಲ್ಬುಟಮಾಲ್ ಅನ್ನು ಇನ್‌ಹೇಲರ್‌ನಲ್ಲಿ ಒಂದು ಮಿತಿಯೊಳಗೆ ಎಳೆದುಕೊಳ್ಳಬಹುದು, ಸಿರಪ್ ಆಗಿ ಕುಡಿಯುವಂತಿಲ್ಲ. ಆಸ್ತಮಾ ಇದ್ದು ಬೇರೆ ಔಷಧವೇ ಬೇಕೆಂದರೆ ಮೊದಲೇ ಅರ್ಜಿ ಹಾಕಿ ಅನುಮತಿ ತಗೊಳ್ಳಬೇಕು. ಸದ್ಯಕ್ಕೆ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ. ಈ ಎರಡು ಹೆಸರು ಕಂಡರೆ ಮೆಡಿಕಲ್‌ನವರಿಗೆ ವಾಪಸ್ ಕೊಡಿ. ಅರ್ಥವಾಗದಿದ್ದರೆ ಚೀಟಿಯ ಫೋಟೊ ತೆಗೆದು ನನಗೆ ಕಳಿಸಿ. ಮಗಳಿಗೆ ಕುಡಿಸುವ ಮುಂಚೆ ಕಳಿಸಿ.