ಮೊದಲ ಹೊಣೆ ಸರ್ಕಾರಗಳದ್ದು

ವರ್ಷಕ್ಕೊಮ್ಮೆ ಮಗಳನ್ನು ನೋಡಲು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುತ್ತೀರಿ. ಆ ವಿಮಾನದ ಹೊಗೆಗೆ ಹೊಣೆ ನಾನಾ, ಏರ್‌ಲೈನಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಇಬ್ಬರಿಗಿಂತ ಮೊದಲು ಸರ್ಕಾರಗಳು.

ಯಾಕೆಂದರೆ ನಿಮ್ಮ ವಿಮಾನ ಉಗುಳುವ ಇಂಗಾಲ ಭಾರತದ ಒಟ್ಟು ಲೆಕ್ಕಕ್ಕೂ ಸೇರುವುದಿಲ್ಲ, ಜರ್ಮನಿಯ ಲೆಕ್ಕಕ್ಕೂ ಸೇರುವುದಿಲ್ಲ. ಇಂಗಾಲ ಇಳಿಸಲು ದೇಶಗಳು ಮಾಡಿಕೊಂಡ 1997ರ ಕ್ಯೋಟೋ ಒಪ್ಪಂದ ಅಂತರರಾಷ್ಟ್ರೀಯ ವಿಮಾನಗಳ ವಿಷಯವನ್ನು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒಗೆ ಒಪ್ಪಿಸಿಬಿಟ್ಟಿತು. ಅಲ್ಲಿ ವಿಮಾನಗಳ ಇಂಗಾಲವನ್ನು ಸರಿದೂಗಿಸುವ ಕೊರ್ಸಿಯಾ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಹತ್ತೊಂಬತ್ತು ವರ್ಷ ಸುಮ್ನೆ ಕಳೆದವು, ನನಗೆ ಸಿಟ್ಟು ಬರುವುದು ಇದಕ್ಕೇ. ಆ ಯೋಜನೆಯಲ್ಲೂ ಏರ್‌ಲೈನ್‌ಗಳು ಹೊಗೆ ಇಳಿಸಲೇಬೇಕೆಂದಿಲ್ಲ. ಮಿತಿ ಮೀರಿದ್ದಕ್ಕೆ ಬೇರೆ ಕಡೆ ಇಂಗಾಲ ಇಳಿಸಿದವರಿಂದ ಅದರ ಲೆಕ್ಕವನ್ನು, ಅಂದರೆ ಕ್ರೆಡಿಟ್ ಕೊಂಡರೆ ಆಯಿತು. ಭಾರತಕ್ಕೆ ಅದು ಕಡ್ಡಾಯವಾಗುವುದು 2027ರಿಂದ.

ಏರ್‌ಲೈನ್‌ಗಳನ್ನೂ ಬಿಡುವ ಹಾಗಿಲ್ಲ. ಆದರೆ ಬಳಸಿದ ಅಡುಗೆ ಎಣ್ಣೆಯಂಥವುಗಳಿಂದ ಮಾಡುವ ಹಸಿರು ಇಂಧನ ತುಂಬಾ ದುಬಾರಿ. ಕಾನೂನಿಲ್ಲದೆ ಯಾರು ಜಾಸ್ತಿ ಕೊಳ್ಳುತ್ತಾರೆ? ಯುರೋಪಿಯನ್ ಒಕ್ಕೂಟ 2025ರಿಂದ ಶೇ 2ರಷ್ಟು ಬೆರಕೆಯನ್ನು ಇಂಧನ ಪೂರೈಸುವವರಿಗೆ ಕಡ್ಡಾಯ ಮಾಡಿದೆ. 2030ಕ್ಕೆ ಅದು ಶೇ 6. ಒತ್ತಡ ಹಾಕಿದರೆ ಆಗುತ್ತದೆ, ಅಲ್ವಾ?

ಮಗಳನ್ನು ನೋಡುವುದನ್ನು ದಯವಿಟ್ಟು ಬಿಡಬೇಡಿ. ನೇರ ವಿಮಾನ ಹಿಡಿಯಿರಿ, ಎಕಾನಮಿಯಲ್ಲಿ ಕೂರಿ. ಬಿಸಿನೆಸ್ ಕ್ಲಾಸ್ ಸೀಟು ಜಾಸ್ತಿ ಜಾಗ ತಿನ್ನುವುದರಿಂದ ಹೊಗೆಯಲ್ಲಿ ಅದರ ಪಾಲೂ ಜಾಸ್ತಿ. ಆಫೀಸ್ ಕೆಲಸಕ್ಕೆ ಆಗಾಗ ಹೈದರಾಬಾದಿಗೆ ಹಾರುತ್ತೇನೆ ಎಂದಿದ್ದೀರಲ್ಲ, ಅದನ್ನು ಮಾತ್ರ ಯೋಚಿಸಿ. ಯಶವಂತಪುರದಿಂದ ಕಾಚಿಗುಡಕ್ಕೆ ವಂದೇ ಭಾರತ್ ಇದೆ, ರಾತ್ರಿ ರೈಲುಗಳೂ ಇವೆ.