ಹೊಟ್ಟೆಯಲ್ಲಿ ಪೆಟ್ರೋಲ್, ಗಾಲಿಗೆ ಕರೆಂಟ್

ಅರಸೀಕೆರೆಯ ಓದುಗರೊಬ್ಬರ ಪತ್ರ: "ಸಂಪಾದಕರೇ, ಮರುಭೂಮಿಯಲ್ಲಿ ದಿನಗಟ್ಟಲೆ ನಡೆದ 2024ರ ಡಕಾರ್ ರ‍್ಯಾಲಿಯನ್ನು ಎಲೆಕ್ಟ್ರಿಕ್ ಕಾರು ಗೆದ್ದಿತು ಎಂದು ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಆಮೇಲೆ ವಿಚಾರಿಸಿದರೆ ಆ ಆಡಿ ಕಂಪನಿಯ ಕಾರಿನ ಒಳಗೆ ಪೆಟ್ರೋಲ್ ಇಂಜಿನ್ ಇತ್ತಂತೆ! ಇದು ಮೋಸ ಅಲ್ವಾ? ಡಿಪ್ಲೊಮಾ ಓದುವ ನನ್ನ ಮಗ ಮಾತ್ರ ಅದು ಎಲೆಕ್ಟ್ರಿಕ್ಕೇ ಎಂದು ಹಟ ಹಿಡಿದಿದ್ದಾನೆ. ಊಟಕ್ಕೆ ಕೂತಾಗಲೆಲ್ಲ ಇದೇ ಜಗಳ. ನೀವೇ ತೀರ್ಪು ಕೊಡಿ."

ನಿಮ್ಮ ಪತ್ರ ಓದಿ ಖುಷಿಯಾಯಿತು. ಅಪ್ಪ ಮಗ ಊಟದ ಹೊತ್ತಿಗೆ ಇಂಜಿನ್ ವಿಷಯಕ್ಕೆ ಜಗಳ ಆಡುವ ಮನೆ ಎಷ್ಟಿದೆ ಹೇಳಿ? ನಿಮ್ಮ ಮಾತಿನಲ್ಲೂ ನಿಜ ಇದೆ. ಆ ಕಾರು ಇಂಧನ ಸುಡುತ್ತಿತ್ತು, ಹೊಗೆ ಬಿಡುತ್ತಿತ್ತು. ಅದನ್ನು ಒಪ್ಪುತ್ತೇನೆ. ಆದರೆ ಮೋಸ ಅನ್ನುವ ಮಾತು ಬೇಡ. ಅದರಲ್ಲೂ ಅರಸೀಕೆರೆಯವರ ಬಾಯಲ್ಲಿ ಖಂಡಿತ ಬೇಡ.

ಯಾಕೆ ಅಂತೀರಾ? ನಿಮ್ಮದು ಜಂಕ್ಷನ್ ಊರು. ಎಷ್ಟು ವರ್ಷ ಡೀಸೆಲ್ ಇಂಜಿನ್‌ಗಳ ಸದ್ದು ಕೇಳಿಕೊಂಡೇ ಮಲಗಿದ್ದೀರೋ ಏನೋ. ನಾನು ಹುಡುಗನಾಗಿದ್ದಾಗ, ಸಕಲೇಶಪುರದಲ್ಲಿ ಇನ್ನೂ ಮೀಟರ್ ಗೇಜ್ ಇದ್ದ ಕಾಲ, ಒಂದು ಮಳೆಗಾಲದ ಬೆಳಿಗ್ಗೆ ಗಾಡಿ ತಡವಾಗಿ ನಿಂತಿತ್ತು. ಡ್ರೈವರ್ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಕೆಳಗಿಳಿದರು. "ಇಷ್ಟು ದೊಡ್ಡ ಇಂಜಿನ್‌ಗೆ ಗೇರ್ ಹೇಗೆ ಹಾಕ್ತೀರಿ?" ಎಂದು ಕೇಳಿದೆ. "ಗೇರ್ ಎಲ್ಲಿದೆ ತಮ್ಮಾ? ಡೀಸೆಲ್ ಬರೀ ಕರೆಂಟ್ ಮಾಡುತ್ತೆ. ಗಾಲಿ ತಿರುಗಿಸೋದು ಕರೆಂಟೇ" ಅಂದರು. ಬಗ್ಗಿ ನೋಡು ಅಂತ ಗಾಲಿಗಳ ನಡುವೆ ಮಸಿ ಹಿಡಿದು ಕೂತಿದ್ದ ಮೋಟರ್ ತೋರಿಸಿದರು. ಅದರ ಮೇಲೆ ಮಳೆ ನೀರು ಬಿದ್ದು ಹಬೆ ಏಳುತ್ತಿತ್ತು. ಆ ಹಬೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆಡಿಯ ಕಾರಿನದೂ ಹೆಚ್ಚುಕಡಿಮೆ ಅದೇ ಏರ್ಪಾಡು, ಜೊತೆಗೊಂದು ಬ್ಯಾಟರಿ. ಮುಂದಿನ ಗಾಲಿಗಳಿಗೆ ಒಂದು ಮೋಟರ್, ಹಿಂದಿನವಕ್ಕೆ ಇನ್ನೊಂದು. ಎರಡೂ ಫಾರ್ಮುಲಾ ಇ ಎಂಬ ಎಲೆಕ್ಟ್ರಿಕ್ ಕಾರುಗಳ ರೇಸಿನ ಕಾರಿನಿಂದ ತಂದವು. ಬ್ಯಾಟರಿ ನಮ್ಮ ಮನೆ ಬಿಲ್ಲಿನ ಲೆಕ್ಕದಲ್ಲಿ ಸುಮಾರು 50 ಯೂನಿಟ್ ಹಿಡಿಯುತ್ತದೆ, ತೂಕ ಸುಮಾರು 370 ಕಿಲೋ. ಮೂರನೆಯ ಮೋಟರನ್ನು 2 ಲೀಟರಿನ ಟರ್ಬೊ ಇಂಜಿನ್‌ಗೆ ಕಟ್ಟಿದ್ದರು. ಅದು ಜನರೇಟರ್. ಓಡುತ್ತಾ ಓಡುತ್ತಾ ಬ್ಯಾಟರಿ ತುಂಬಿಸುವುದಷ್ಟೇ ಅದರ ಕೆಲಸ. ಇಂಜಿನ್‌ಗೂ ಗಾಲಿಗೂ ನೇರ ಸಂಬಂಧವೇ ಇಲ್ಲ. ಅದಕ್ಕೇ ಅದನ್ನು ನಿಮಿಷಕ್ಕೆ 4,500ರಿಂದ 6,000 ಸುತ್ತಿನ ನಡುವೆ, ಇಂಧನ ಕಡಿಮೆ ಕುಡಿಯುವ ಹದದಲ್ಲೇ ಓಡಿಸಬಹುದಿತ್ತು. ಮರಳು ದಿಬ್ಬ ಹತ್ತುವಾಗ ಗೇರ್ ಬದಲಿಸುವ ಆ ಒಂದು ಕ್ಷಣದಲ್ಲಿ ವೇಗ ಸತ್ತು ಗಾಡಿ ಹೂತು ಹೋಗುವುದುಂಟು. ಇಲ್ಲಿ ಬದಲಿಸಲು ಗೇರೇ ಇಲ್ಲ.

ಬರೀ ಬ್ಯಾಟರಿಯಲ್ಲೇ ಓಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಅದನ್ನೂ ಮಾಡಿದವರಿದ್ದಾರೆ. ಸ್ಪೇನಿನ ಆಕ್ಸಿಯೋನಾ ಕಂಪನಿಯ ಕಾರು ಪೂರ್ತಿ ಬ್ಯಾಟರಿಯದು. 2015, 2016ರಲ್ಲಿ ಸೋತು 2017ರಲ್ಲಿ, ಆಗ ದಕ್ಷಿಣ ಅಮೆರಿಕದಲ್ಲಿ ನಡೆಯುತ್ತಿದ್ದ ಡಕಾರ್ ಮುಗಿಸಿತು. ಅವರಿಗೆ ನನ್ನ ನಮಸ್ಕಾರ. ಆದರೆ ಮುಗಿಸುವುದು ಬೇರೆ, ಮುಂದಿನ ಸಾಲಿನವರ ಜೊತೆ ಪೈಪೋಟಿಗೆ ಇಳಿಯುವುದು ಬೇರೆ. ದಿನಕ್ಕೆ ನೂರಾರು ಕಿಲೋಮೀಟರ್ ಮರಳು, ಕಲ್ಲು. ನಡುವೆ ಪ್ಲಗ್ ಹಾಕಲು ಒಂದು ಗೂಡಂಗಡಿಯೂ ಇಲ್ಲ.

ಆಡಿಯವರಿಗೂ ಇದು ಸುಮ್ನೆ ದಕ್ಕಲಿಲ್ಲ. 2022ರಲ್ಲಿ ಮೊದಲ ಹಂತದಲ್ಲೇ ಅವರ ಚಾಲಕ ಕಾರ್ಲೋಸ್ ಸೈಂಜ್ ದಾರಿ ಹುಡುಕುತ್ತಾ ಎರಡು ಗಂಟೆಗೂ ಜಾಸ್ತಿ ಕಳೆದುಕೊಂಡರು. ತಂಡದ ಇನ್ನೊಬ್ಬ ಚಾಲಕ ಪೀಟರ್‌ಹ್ಯಾನ್ಸೆಲ್ ಕಾರಿನ ಹಿಂದಿನ ಗಾಲಿ ಬಂಡೆಗೆ ಬಡಿದು ಮುರಿಯಿತು. ಮೂರನೇ ಹಂತವನ್ನು ಅದೇ ಸೈಂಜ್ ಗೆದ್ದರು. 2023 ಇನ್ನೂ ಕೆಟ್ಟದು, ಅಪಘಾತದಲ್ಲೇ ಹೋಯಿತು. ಆ ವರ್ಷದಿಂದ ಇಂಧನವೂ ಬದಲಾಯಿತು. ಅದರ ಬಹುಪಾಲು ಬಾವಿಯ ಎಣ್ಣೆಯಲ್ಲ, ಎಥೆನಾಲ್ ಮುಂತಾದವುಗಳಿಂದ ಮಾಡಿದ್ದು.

2024ರಲ್ಲಿ 48 ಗಂಟೆಯ ಒಂದು ಹಂತ ಇಟ್ಟಿದ್ದರು, ಸೌದಿಯ ರಬ್ ಅಲ್ ಖಾಲಿ ಮರುಭೂಮಿಯಲ್ಲಿ. ಸಂಜೆ 4 ಗಂಟೆಯಾದ ಮೇಲೆ ಮುಂದೆ ಸಿಕ್ಕ ಶಿಬಿರದಲ್ಲಿ ನಿಲ್ಲಬೇಕು. ಒಂದು ಟೆಂಟು, ಒಂದಿಷ್ಟು ಊಟ. ತಂಡದ ಮೆಕ್ಯಾನಿಕ್‌ಗಳು ಹತ್ತಿರ ಬರುವಂತಿಲ್ಲ. ನನಗೆ ಮನಸ್ಸು ಹಿಡಿದದ್ದು ಇದು. ಮೂರು ಮೋಟರ್, ಒಂದು ಇಂಜಿನ್, ಅಷ್ಟೆಲ್ಲ ಸಾಫ್ಟ್‌ವೇರ್ ಇರುವ ಗಾಡಿಯನ್ನು ನಂಬಿ 61 ವರ್ಷದ ಸೈಂಜ್, ಅವರಿಗೆ ದಾರಿ ಹೇಳುವ ನ್ಯಾವಿಗೇಟರ್ ಲುಕಾಸ್ ಕ್ರೂಜ್ ಆ ಮರಳಿನಲ್ಲಿ ರಾತ್ರಿ ಕಳೆದರು. ಆ ಹಂತ ಮುಗಿದಾಗ ಮುನ್ನಡೆ ಅವರದಾಗಿತ್ತು. ಹಿಂದೆ ಬಿದ್ದಿದ್ದ ತಂಡದ ಉಳಿದ ಇಬ್ಬರು ಚಾಲಕರು ಕೊನೆಗೆ ಸೈಂಜ್‌ಗೆ ಬೆಂಗಾವಲಾಗಿ ಓಡಿಸಿದರು. ಒಂದೇ ಒಂದು ಹಂತದಲ್ಲೂ ಮೊದಲಿಗರಾಗದೆ ಸೈಂಜ್ ಇಡೀ ರ‍್ಯಾಲಿ ಗೆದ್ದರು, ಸುಮಾರು 1 ಗಂಟೆ 20 ನಿಮಿಷದ ಅಂತರದಲ್ಲಿ.

ಇಷ್ಟಾದರೂ ನಮ್ಮಲ್ಲಿ ಕೇಳಿಬರುವ ಮೊದಲ ಮಾತು "ಅಪ್ಪಟ ಅಲ್ಲ ಬಿಡಿ". ಇದು ನನಗೆ ಬೇಜಾರು ತರಿಸುತ್ತದೆ. ಮೊದಲ ದಿನವೇ ಎಲ್ಲವೂ ಅಪ್ಪಟ ಬೇಕು, ಇಲ್ಲದಿದ್ದರೆ ಮೂಲೆಗೆ ಎಸೆಯಬೇಕು. ನಮ್ಮವರನ್ನೂ ಹೀಗೇ ನೋಡುತ್ತೇವೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕಿನಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ. ಸ್ಥಾನ 36. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮುಗಿಸಿದರು. ಗೆಲ್ಲಲಿಲ್ಲವಲ್ಲ ಎಂದು ಎಷ್ಟು ಪತ್ರಿಕೆಗಳು ಮೂಲೆಯಲ್ಲಿ ನಾಲ್ಕು ಸಾಲು ಹಾಕಿ ಕೈ ತೊಳೆದುಕೊಂಡವು! ನಮ್ಮ ಪತ್ರಿಕೆಯೂ ಆಗ ಇನ್ನಷ್ಟು ಜಾಗ ಕೊಡಬೇಕಿತ್ತು.

ಕಾಲೇಜುಗಳ ಕಥೆ ಇನ್ನೂ ಬೇಸರದ್ದು. ಒಂದು ಪಾಲಿಟೆಕ್ನಿಕ್‌ಗೆ ಭಾಷಣಕ್ಕೆ ಹೋಗಿದ್ದೆ. ಲ್ಯಾಬಿನಲ್ಲಿ ಒಳ್ಳೆಯ ಮೋಟರ್ ಒಂದಿತ್ತು, ಗಾಜಿನ ಕಪಾಟಿನೊಳಗೆ. ಕಪಾಟಿಗೆ ಬೀಗ. ಕೊನೆಯ ವರ್ಷದ ಹುಡುಗನನ್ನು ಇದನ್ನು ಬಿಚ್ಚಿ ನೋಡಿದ್ದೀಯಾ ಅಂತ ಕೇಳಿದೆ. "ಚಿತ್ರ ಬರೆದಿದ್ದೀನಿ ಸಾರ್" ಅಂದ. ಮೂರು ವರ್ಷ ಓದಿದ ಹುಡುಗ ಒಂದು ಬೋಲ್ಟನ್ನೂ ಮುಟ್ಟಿರಲಿಲ್ಲ.

ಆದ್ದರಿಂದ ತೀರ್ಪು ನಿಮ್ಮ ಮಗನ ಕಡೆಗೆ. ಗಾಲಿ ತಿರುಗಿಸುವುದು ಕರೆಂಟಾದರೆ ಅದು ಎಲೆಕ್ಟ್ರಿಕ್ ಡ್ರೈವ್. ಕರೆಂಟ್ ಎಲ್ಲಿಂದ ಬಂತು ಎಂಬುದು ಬೇರೆ ಪ್ರಶ್ನೆ. ಅದನ್ನು ನಿಮ್ಮ ಮನೆಯ ಫ್ಯಾನಿಗೂ ಕೇಳಬೇಕಾಗುತ್ತದೆ. ನಿಮ್ಮ ಕಡೆ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿ ಇದ್ದೇ ಇರುತ್ತದೆ. ರಜೆಯಲ್ಲಿ ಮಗನನ್ನು ಅಲ್ಲಿ ಒಂದು ವಾರ ಕೂರಿಸಿ. ಸುಟ್ಟ ತಂತಿ ಕೀಳಲಿ, ಹೊಸ ತಾಮ್ರ ಸುತ್ತಲಿ. ಆಮೇಲೆ ಅವನೇ ನನಗೊಂದು ಪತ್ರ ಬರೆಯಲಿ. ಪೂರ್ತಿ ಹಾಕುತ್ತೇನೆ.

- ಸಂ.